12 ಅಡಿಯ ಪಡಸಾಲೆಯಲ್ಲಿ ಯಾವುದಕ್ಕೆ ಜಾಗ?

ಧಾರವಾಡದಲ್ಲಿ ಈಗ ಕಟ್ಟುತ್ತಿರುವ ಸಾಧಾರಣ ಮನೆಗಳ ಪಡಸಾಲೆ, ಅಂದರೆ ನಾವೆಲ್ಲ ಹಾಲ್ ಎಂದೇ ಕರೆಯುವ ಕೋಣೆ, 10 ಅಡಿ ಅಗಲ 12 ಅಡಿ ಉದ್ದಕ್ಕಿಂತ ದೊಡ್ಡದಿರುವುದು ಅಪರೂಪ. 30-40ರ ಸೈಟಿನಲ್ಲಿ ಗಾಡಿ ನಿಲ್ಲಿಸಲು ಜಾಗ ಬಿಟ್ಟು, ಎರಡು ಮಲಗುವ ಕೋಣೆ, ಅಡುಗೆಮನೆ, ದೇವರ ಕೋಣೆ ತೆಗೆದ ಮೇಲೆ ಉಳಿಯುವುದೇ ಅಷ್ಟು. ಅಷ್ಟರಲ್ಲಿಯೇ ಬಂದವರನ್ನು ಕೂಡಿಸಬೇಕು, ಟಿ.ವಿ. ನೋಡಬೇಕು, ಮಕ್ಕಳು ಓದಬೇಕು, ಚೌತಿಗೆ ಗಣಪತಿಯನ್ನು ಕೂಡಿಸಬೇಕು, ಮದುವೆ ಮುಂಜಿವೆಗೆ ಬೀಗರು ಬಂದರೆ ಹಾಸಿಗೆಯನ್ನೂ ಹಾಸಬೇಕು. ಇಂಥ ಕೋಣೆಯ ಗೋಡೆಯ ಮೇಲೆ, ಮೂಲೆಯಲ್ಲಿ, ಕಿಟಕಿಯ ಕಟ್ಟೆಯಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಬರೀ ಅಲಂಕಾರದ ವಿಷಯವೆಂದು ಬದಿಗೆ ಸರಿಸುವವರಿದ್ದಾರೆ. ನನಗೆ ಅದು ಹಾಗೆ ಕಾಣುವುದಿಲ್ಲ. ಮನೆಯಲ್ಲಿ ಯಾವ ವಸ್ತು ಕಣ್ಣೆದುರಿಗಿರುತ್ತದೆಯೋ ಅದರ ಬಗ್ಗೆ ಮಾತು ಹುಟ್ಟುತ್ತದೆ, ಮಾತು ಹುಟ್ಟಿದ್ದು ಮುಂದಿನ ತಲೆಮಾರಿಗೆ ದಾಟುತ್ತದೆ. ಮಾತೇ ಹುಟ್ಟದೆ ಪೆಟ್ಟಿಗೆಯ ತಳ ಸೇರಿದ್ದು ಎಂದಾದರೊಂದು ದಿನ ಮೋಡ್ಕಾ ಅಂಗಡಿಗೆ, ಅಂದರೆ ಗುಜರಿಗೆ, ಹೋಗುತ್ತದೆ.

ಈ ವಿಷಯ ನಮ್ಮ ಮನೆಯಲ್ಲಿ ಚರ್ಚೆಗೆ ಬಂದದ್ದು ಮಗಳು ಹುಬ್ಬಳ್ಳಿಯಲ್ಲಿ ಫ್ಲ್ಯಾಟ್ ಕೊಂಡಾಗ. ಅವಳ ಹಾಲ್ ನಮ್ಮದಕ್ಕಿಂತಲೂ ಚಿಕ್ಕದು. ಬಿಳಿ ಗೋಡೆ, ಬೂದು ಬಣ್ಣದ ಸೋಫಾ, ಒಂದು ಗಿಡ, ಇಷ್ಟೇ ಸಾಕು, ಮಿನಿಮಲ್ ಆಗಿರಲಿ ಎಂಬುದು ಅವಳ ಅಪೇಕ್ಷೆ. ಧಾರವಾಡದ ನಮ್ಮ ಹಾಲ್ ಅದಕ್ಕೆ ತದ್ವಿರುದ್ಧ. ಇಲ್ಲಿ ಅತ್ತೆಯವರ ಕಾಲದ ಹಿತ್ತಾಳೆ ಇದೆ, ನನ್ನ ತವರಿನ ಕಸೂತಿ ಇದೆ, ಪುಸ್ತಕಗಳಿವೆ, ಪತಿಯ ಸನ್ಮಾನ ಫಲಕಗಳಿವೆ. “ಅವ್ವಾ, ಇಷ್ಟೆಲ್ಲಾ ಸಾಮಾನದಾಗ ಉಸಿರ ಹೆಂಗ ಆಡತೀರಿ?” ಎಂದು ಅವಳು ಕೇಳುತ್ತಾಳೆ. ಖಾಲಿ ಗೋಡೆಗಳ ನಡುವೆ ಯಾರ ಮನೆಗೆ ಬಂದಿದ್ದೇನೆಂಬುದೇ ತಿಳಿಯುವುದಿಲ್ಲ ಎಂದು ನಾನು ಹೇಳುತ್ತೇನೆ. ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಈ ಎರಡರ ನಡುವೆ ಎಲ್ಲೋ ಒಂದು ಮಧ್ಯದ ಗೆರೆ ಎಳೆದುಬಿಟ್ಟರೆ ಮುಗಿಯಿತು ಎಂದು ನನಗನ್ನಿಸುವುದಿಲ್ಲ, ಏಕೆಂದರೆ ವಸ್ತುಗಳು ಎಷ್ಟಿವೆ ಎಂಬುದಕ್ಕಿಂತ ಅವು ಎಲ್ಲಿವೆ, ಎಷ್ಟು ಕಾಲ ಕಣ್ಣಿಗೆ ಬೀಳುತ್ತವೆ, ಅವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಮಾತೇ ಮುಖ್ಯ.

ನಮ್ಮ ಭಾಗದ ಹಳೆಯ ಮನೆಗಳನ್ನು ಕಂಡವರಿಗೆ ಒಂದು ಸಂಗತಿ ನೆನಪಿರಬೇಕು. ಅಲ್ಲಿಯ ಪಡಸಾಲೆ ಬಹುಮಟ್ಟಿಗೆ ಖಾಲಿಯೇ ಇರುತ್ತಿತ್ತು. ಧಾರವಾಡದ ಹಂಚಿನ ಮನೆಯಿರಲಿ, ಗದಗ ಕಡೆಯ ಮಣ್ಣಿನ ಮಾಳಿಗೆಯ ಮನೆಯಿರಲಿ, ಒಳಗೆ ಕಾಲಿಟ್ಟರೆ ಸಗಣಿ ಸಾರಿಸಿದ ಅಥವಾ ಕಲ್ಲು ಹಾಸಿದ ನೆಲ, ಗೋಡೆಗೊಂದು ಜಮಖಾನೆ, ಎರಡು ಲೋಡು, ಕಂಬದ ಗೂಟಕ್ಕೆ ತೂಗುಹಾಕಿದ ಹಿರಿಯರ ರುಮಾಲು ಇಷ್ಟೇ. ಗೋಡೆಯೊಳಗೆ ಕೊರೆದ ಮಾಡದಲ್ಲಿ ಒಂದು ದೀಪ, ಮೇಲಿನ ಗವಾಕ್ಷಿಯಿಂದ ಬೀಳುವ ಒಂದು ಕೋಲು ಬೆಳಕು. ಬಂದವರು ಕೂಡಲು, ಹತ್ತಿ ಕಾಳುಗಳ ಲೆಕ್ಕ ನೋಡಲು, ರಾತ್ರಿ ಗಂಡಸರು ಮಲಗಲು ಅದೇ ಜಾಗ. ಹಾಗೆಂದು ಆ ಮನೆಯವರಲ್ಲಿ ವಸ್ತುಗಳು ಕಡಿಮೆ ಇದ್ದವೇ? ಇಲ್ಲ. ಒಳಕೋಣೆಯ ನಾಗಂದಿಗೆಯ ಮೇಲೆ, ಅಂದರೆ ಗೋಡೆಗೆ ಹೊಡೆದ ಎತ್ತರದ ಹಲಗೆಯ ಮೇಲೆ, ತಾಮ್ರ ಹಿತ್ತಾಳೆಯ ಪಾತ್ರೆಗಳು ಸಾಲಾಗಿ ನಿಂತಿರುತ್ತಿದ್ದವು, ಅಟ್ಟದ ಮೇಲೆ ಹಂಡೆ, ಪರಾತ, ಮದುವೆಯ ಮಣೆಗಳಿರುತ್ತಿದ್ದವು, ಕಬ್ಬಿಣದ ಟ್ರಂಕಿನಲ್ಲಿ ಸೀರೆ ಖಣಗಳಿರುತ್ತಿದ್ದವು, ಕಾಳು ಗುಡಾಣಗಳಲ್ಲೋ ನೆಲದೊಳಗಿನ ಹಗೇವಿನಲ್ಲೋ ಇರುತ್ತಿತ್ತು. ಪಡಸಾಲೆ ಖಾಲಿ ಇರುವುದಕ್ಕೆ ಒಳಮನೆ ತುಂಬಿರುವುದೇ ಆಧಾರವಾಗಿತ್ತು.

ಮಿನಿಮಲಿಸಂ ಮಾತು ಬಂದಾಗಲೆಲ್ಲ ಜಪಾನಿನ ಉದಾಹರಣೆ ಬರುತ್ತದೆ. ಅಲ್ಲಿಯ ಸಾಂಪ್ರದಾಯಿಕ ಮನೆಯಲ್ಲಿ ಚಾಪೆ ಹಾಸಿದ ಬರಿದಾದ ಕೋಣೆ, ಗೋಡೆಯಲ್ಲಿ ತೊಕೊನೊಮ ಎಂಬ ಒಂದು ತಗ್ಗು, ಅದರಲ್ಲಿ ಒಂದು ಸುರುಳಿ ಚಿತ್ರ, ಒಂದು ಹೂವಿನ ಜೋಡಣೆ. ನೋಡಿದವರು ಅದರ ಸರಳತೆಗೆ ತಲೆದೂಗುತ್ತಾರೆ. ಆದರೆ ಅನುಕೂಲಸ್ಥರ ಮನೆಗಳಿಗೆ ಹೊಂದಿಕೊಂಡು ಕುರ ಎಂಬ ದಪ್ಪ ಗೋಡೆಯ ಉಗ್ರಾಣವೂ ಇರುತ್ತಿತ್ತು. ಬೆಂಕಿ ತಗುಲದಂತೆ ಮಣ್ಣು ಗಾರೆ ಮೆತ್ತಿ ಕಟ್ಟಿದ ಆ ಉಗ್ರಾಣದಲ್ಲಿ ವರ್ಷದ ಉಳಿದ ಋತುಗಳ ಚಿತ್ರಗಳು, ಬಟ್ಟಲುಗಳು, ಪಾತ್ರೆಗಳು ಪೆಟ್ಟಿಗೆಗಳಲ್ಲಿ ಕಾಯುತ್ತಿದ್ದವು. ಋತು ಬದಲಾದರೆ ಚಿತ್ರವೂ ಬದಲಾಗುತ್ತಿತ್ತು. ಅಲ್ಲಿ ಕೋಣೆಯಲ್ಲಿ ಕಾಣುತ್ತಿದ್ದದ್ದು ಒಂದೇ ಒಂದು ಚಿತ್ರವಾದರೂ ಮನೆಯವರು ಕಾಪಾಡಿಕೊಂಡು ಬಂದದ್ದು ಹತ್ತಾರು. ಈಗಿನ ಫೋಟೋಗಳಲ್ಲಿ ಬರುವ ಖಾಲಿ ಹಾಲ್‌ಗಳಲ್ಲಿ ಕೋಣೆ ಮಾತ್ರ ಉಳಿದುಕೊಂಡಿದೆ, ಉಗ್ರಾಣ ಬಿಟ್ಟುಹೋಗಿದೆ.

ಪಶ್ಚಿಮದ ಕಟ್ಟಡಕಲೆಯ ಇತಿಹಾಸದಲ್ಲೂ ಇಂಥದೇ ಒಂದು ಸಂಗತಿ ಇದೆ. ಬರಿದಾದ, ಗಾಜು ಮತ್ತು ಅಮೃತಶಿಲೆಯ ಸೌಂದರ್ಯಕ್ಕೆ ಮಾದರಿ ಎಂದು ಜಗತ್ತು ಇಂದಿಗೂ ತೋರಿಸುವ ಕಟ್ಟಡಗಳಲ್ಲಿ ಒಂದು, ವಾಸ್ತುಶಿಲ್ಪಿ ಮೀಸ್ ವಾನ್ ಡರ್ ರೋ 1929ರಲ್ಲಿ ಬಾರ್ಸಿಲೋನಾದಲ್ಲಿ ಕಟ್ಟಿದ ಜರ್ಮನ್ ಮಂಟಪ. ಅದು ಒಂದು ಅಂತರರಾಷ್ಟ್ರೀಯ ಪ್ರದರ್ಶನಕ್ಕಾಗಿ ಕಟ್ಟಿದ್ದು. ಮರುವರ್ಷವೇ ಅದನ್ನು ಬಿಚ್ಚಿದರು, ಈಗ ಅಲ್ಲಿರುವುದು 1986ರ ಹೊತ್ತಿಗೆ ಮತ್ತೆ ಕಟ್ಟಿದ್ದು. ಅಲ್ಲಿ ಯಾರೂ ಸಂಸಾರ ಮಾಡಲಿಲ್ಲ, ಮಳೆಗಾಲದಲ್ಲಿ ಒಣಗದ ಬಟ್ಟೆಯನ್ನು ಕುರ್ಚಿಯ ಮೇಲೆ ಹರವಲಿಲ್ಲ. ಮನೆಯಾಗಿ ಕಟ್ಟಿ, ಅದರಲ್ಲಿ ಬಾಳಿದವರ ಉದಾಹರಣೆ ಬೇಕೆಂದರೆ ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯನ್ನು ನೋಡಬೇಕು. 1949ರಲ್ಲಿ ಅವರು ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿಕೊಂಡ ಮನೆ ಉಕ್ಕಿನ ಚೌಕಟ್ಟು ಮತ್ತು ಗಾಜಿನ ಅಪ್ಪಟ ಆಧುನಿಕ ಮನೆ. ಅದರೊಳಗಿನ ಕೋಣೆಯಾದರೋ ಊರೂರಿನಿಂದ ತಂದ ಗೊಂಬೆ, ಬಟ್ಟೆ, ಬುಟ್ಟಿ, ಕಲ್ಲು, ಕಪ್ಪೆಚಿಪ್ಪುಗಳಿಂದ ತುಂಬಿತ್ತು. ಇದೇ ದಂಪತಿ ಭಾರತ ಸರ್ಕಾರದ ಆಹ್ವಾನದ ಮೇಲೆ ಇಲ್ಲಿಗೆ ಬಂದು ಸುತ್ತಾಡಿ 1958ರಲ್ಲಿ ಒಂದು ವರದಿ ಕೊಟ್ಟರು, ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ತಾವು ಭಾರತದಲ್ಲಿ ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ಅತಿ ಸುಂದರವಾದದ್ದೆಂದು ಅವರು ಆ ವರದಿಯಲ್ಲಿ ಎತ್ತಿ ಹೇಳಿದ್ದು ನಮ್ಮ ಮನೆ ಮನೆಯ ತಂಬಿಗೆಯನ್ನು. ಕಂಠ ಹಿಡಿಯಲು ಕೈಗೆ ಎಷ್ಟು ಹೊಂದುತ್ತದೆ, ಸೊಂಟದ ಮೇಲೆ ಹೇಗೆ ಕೂಡುತ್ತದೆ, ತುಂಬಿದಾಗ ಬರಿದಾದಾಗ ತೂಕ ಹೇಗೆ ನಿಲ್ಲುತ್ತದೆ ಎಂದು ಅವರು ಒಂದೊಂದಾಗಿ ಲೆಕ್ಕ ಹಾಕಿದ್ದರು.

ಅವರು ಹಾಗೆ ತಂಬಿಗೆಯನ್ನು ಹೊಗಳಿ ಹೋದ ಮೇಲಿನ ದಶಕಗಳಲ್ಲಿಯೇ ನಮ್ಮ ಊರುಗಳಲ್ಲಿ ಹಿತ್ತಾಳೆ ತಾಮ್ರ ಕೊಟ್ಟು ಸ್ಟೀಲು ಕೊಂಡೆವು. ಹಳೆಯ ಜರಿ ಸೀರೆ ಕೊಟ್ಟು ಡಬ್ಬಿ, ಬುಟ್ಟಿ ಪಡೆದೆವು. ತಿಕ್ಕಿ ತಿಕ್ಕಿ ಕೈ ಸವೆದ ಹೆಂಗಸರಿಗೆ ಸ್ಟೀಲು ನಿಜವಾದ ಬಿಡುಗಡೆಯಾಗಿತ್ತು, ಅದನ್ನು ನಾನು ಕಡಿಮೆ ಮಾಡಿ ನೋಡುವುದಿಲ್ಲ. ಆದರೆ ಹಾಗೆ ಹೋದ ವಸ್ತುಗಳಲ್ಲಿ ಒಂದನ್ನೂ ಮರಳಿ ತರಲಾಗಲಿಲ್ಲ. ಹಳೆಯ ವಾಡೆಗಳನ್ನು ಕೆಡವಿದಾಗ ಕೆತ್ತನೆಯ ಬಾಗಿಲು ಚೌಕಟ್ಟುಗಳು, ತೇಗದ ಕಂಬಗಳು ಹೀಗೆಯೇ ತೂಕದ ಲೆಕ್ಕದಲ್ಲಿ ಹೋಗಿ ದೂರದ ರೆಸಾರ್ಟ್‌ಗಳ ಸ್ವಾಗತ ಕೋಣೆಗಳಲ್ಲಿ ನಿಂತಿವೆ. ಇರುವ ವಸ್ತುವನ್ನು ನಾಳೆಯೂ ಕೊಟ್ಟುಬಿಡಬಹುದು, ಕೊಟ್ಟದ್ದನ್ನು ನಾಳೆ ತರಲಾಗುವುದಿಲ್ಲ. ಮನೆ ಖಾಲಿ ಮಾಡುವ ಉತ್ಸಾಹದಲ್ಲಿರುವವರು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೇಕಾದಾಗ ಮತ್ತೆ ಕೊಳ್ಳಬಲ್ಲವರಿಗೆ ಬೇಡವಾದದ್ದನ್ನು ಎಸೆಯುವುದು ಸುಲಭ. ನಮ್ಮ ಹಿರಿಯರು ಮುರಿದ ಕೊಡೆ, ಹಳೆಯ ಹಗ್ಗ, ತೂತು ಬಿದ್ದ ಕೊಡ ಎಲ್ಲವನ್ನೂ ಇಟ್ಟುಕೊಂಡದ್ದು ಆಸೆಬುರುಕತನದಿಂದಲ್ಲ, ಮತ್ತೆ ಕೊಳ್ಳುವ ಶಕ್ತಿ ಇರಲಿಲ್ಲವಾದ್ದರಿಂದ.

ಈಗ ನಮ್ಮ ಹಾಲ್‌ನ ವಸ್ತುಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಪೂರ್ವದ ಗೋಡೆಯ ಮೇಲೆ ನನ್ನ ಅಜ್ಜಿಯ ಚಂದ್ರಕಾಳಿ ಸೀರೆಯ ಸೆರಗಿನ ತುಂಡು ಇದೆ. ಕಪ್ಪು ರೇಷ್ಮೆಯ ಮೇಲೆ ಕಸೂತಿ. ಸೀರೆಯ ಒಡಲು ಮಡಿಕೆಗಳಲ್ಲಿ ಹರಿದು ಹೋಗಿತ್ತು, ಸೆರಗು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಅದರಲ್ಲಿ ತುಳಸಿಕಟ್ಟೆ, ಗೋಪುರ, ಅಂಬಾರಿ ಹೊತ್ತ ಆನೆ, ಅಂಚಿನಲ್ಲಿ ನವಿಲುಗಳ ಸಾಲು ಇವೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಎಣಿಸಿಯೇ ಸೂಜಿ ಚುಚ್ಚಬೇಕು, ಗಂಟು ಹಾಕಬಾರದು. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆಗಳು. ಮೆಂತಿ ಎಂದರೆ ಅಡ್ಡಡ್ಡ ಹಾಕುವ ಕತ್ತರಿ ಹೊಲಿಗೆ, ನೇಗಿ ನೇಯ್ಗೆಯಂತೆಯೇ ಕಾಣುವ ಓಟದ ಹೊಲಿಗೆ, ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಏರುವಂಥದು. ಗವಂತಿಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದು ಎಳೆ ಹಿಡಿಯುತ್ತ ಮುಂದೆ ಹೋಗಿ, ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಸಂದುಗಳನ್ನು ತುಂಬುತ್ತದೆ. ಹಾಗಾಗಿ ಬಟ್ಟೆಯ ಹೊರಮೈಯಲ್ಲೂ ಒಳಮೈಯಲ್ಲೂ ಚಿತ್ರ ಒಂದೇ. ನಡುವೆ ಒಂದು ಎಳೆ ಲೆಕ್ಕ ತಪ್ಪಿದರೆ ಮರಳುವಾಗ ದಾರಿ ಕೂಡುವುದಿಲ್ಲ. ನಮ್ಮ ಸೆರಗಿನ ಆನೆಯ ಹಿಂಗಾಲಿನ ಹತ್ತಿರ ಹಸಿರು ದಾರ ಮುಗಿದು ಅದೇ ಬಣ್ಣದ ಸ್ವಲ್ಪ ತಿಳಿಯಾದ ದಾರ ಶುರುವಾಗುವುದು ಕಾಣುತ್ತದೆ. ಅಜ್ಜಿ ಆ ದಾರವನ್ನು ಬೇರೆ ಸಂತೆಯಲ್ಲಿ ತಂದಿರಬೇಕು.

ಇಂಥದನ್ನು ಗೋಡೆಗೆ ಅಂಟಿಸಿದಂತೆ ಚೌಕಟ್ಟು ಹಾಕಿದರೆ ಅರ್ಧ ಕೆಲಸ ಕಾಣದಂತಾಗುತ್ತದೆ. ಆದ್ದರಿಂದ ಎರಡೂ ಬದಿಗೆ ಗಾಜು ಹಾಕಿಸಿ, ಕಿಟಕಿಯ ಕದದಂತೆ ಒಂದು ಬದಿಗೆ ಕೀಲು ಕೂಡಿಸಿ ಗೋಡೆಗೆ ಬಿಗಿಸಿದ್ದೇವೆ. ಯಾರಾದರೂ ಕೇಳಿದರೆ ತೆರೆದು ಹಿಂಬದಿ ತೋರಿಸಬಹುದು. ಈ ಉಪಾಯ ಹೊಸದೇನಲ್ಲ. ಲಂಡನ್ನಿನಲ್ಲಿ ಜಾನ್ ಸೋನ್ ಎಂಬ ವಾಸ್ತುಶಿಲ್ಪಿ ತನ್ನ ಮನೆಯನ್ನೇ ಸಂಗ್ರಹಾಲಯ ಮಾಡಿ, 1833ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಅದನ್ನು ಹಾಗೆಯೇ ಉಳಿಸುವ ಏರ್ಪಾಡು ಮಾಡಿದ. ಆ ಮನೆಯ ಚಿತ್ರಗಳ ಕೋಣೆ ಸುಮಾರು 13 ಅಡಿ ಉದ್ದ, 12 ಅಡಿ ಅಗಲದ್ದು, ಅಂದರೆ ನಮ್ಮ ಹಾಲ್‌ಗಿಂತ ತುಸುವೇ ದೊಡ್ಡದು. ಅದರಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಿವೆ. ಗೋಡೆಗಳೇ ಕದಗಳಂತೆ ತೆರೆಯುತ್ತವೆ, ಒಂದು ಪದರದ ಹಿಂದೆ ಇನ್ನೊಂದು ಪದರದಲ್ಲಿ ಚಿತ್ರಗಳು ಕಾಣುತ್ತವೆ. ಸಣ್ಣ ಕೋಣೆಯಲ್ಲಿ ಸಂಗ್ರಹ ಸಾಧ್ಯವಿಲ್ಲ ಎಂಬ ವಾದ ಆ ಒಂದು ಕೋಣೆಯ ಮುಂದೆ ನಿಲ್ಲಲಾರದು. ನೆಲವನ್ನು ಮುಟ್ಟದೆ ಗೋಡೆಯನ್ನೇ ಆಳವಾಗಿಸಿಕೊಂಡ ಆ ಬುದ್ಧಿ ನಮ್ಮ ಮಾಡಗಳಲ್ಲೂ ಇತ್ತು. ಮೂರಡಿ ದಪ್ಪದ ಮಣ್ಣಿನ ಗೋಡೆಯಲ್ಲಿ ಕೊರೆದ ಮಾಡ ಕೋಣೆಯ ಒಂದಂಗುಲವನ್ನೂ ತಿನ್ನುವುದಿಲ್ಲ. ಈಗಿನ ಆರಂಗುಲದ ಬ್ಲಾಕ್ ಗೋಡೆಯಲ್ಲಿ ಮಾಡ ಕೊರೆಯಲಾಗದು, ಆದರೆ ಬಾಗಿಲ ಎತ್ತರದಲ್ಲಿ ಕೋಣೆಯ ಸುತ್ತ ಒಂದು ಗೇಣು ಅಗಲದ ಹಲಗೆ ಹೊಡೆಸಿದರೆ ಹಳೆಯ ನಾಗಂದಿಗೆಯ ಕೆಲಸ ಆಗುತ್ತದೆ. ನಮ್ಮ ಪುಸ್ತಕಗಳಲ್ಲಿ ಹೆಚ್ಚಿನವು ಅಲ್ಲಿವೆ. ನೆಲದ ಮೇಲೆ ಕಾಲಿರುವ ಕಪಾಟು ಒಂದೇ ಒಂದಿದೆ.

ಸಣ್ಣ ಕೋಣೆ ಇಕ್ಕಟ್ಟೆನಿಸುವುದು ಗೋಡೆ ತುಂಬಿದ್ದರಿಂದ ಅಲ್ಲ, ನೆಲ ತುಂಬಿದ್ದರಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಮೂರು ಜನ ಕೂಡುವ ಸೋಫಾ, ಅದರೆದುರು ಗಾಜಿನ ಟೀಪಾಯಿ, ಮೂಲೆಗೆ ಟಿ.ವಿ. ಸ್ಟ್ಯಾಂಡು, ಬಾಗಿಲ ಬಳಿ ಚಪ್ಪಲಿ ಗೂಡು ಇಟ್ಟರೆ 120 ಚದರಡಿಯಲ್ಲಿ ಅರ್ಧ ಹೋಯಿತು. ಇವುಗಳಲ್ಲಿ ಒಂದೂ ಸಂಗ್ರಹದ ವಸ್ತುವಲ್ಲ, ಒಂದಕ್ಕೂ ಕತೆಯಿಲ್ಲ. ಆದರೂ ಮನೆ ಹಗುರ ಮಾಡಬೇಕೆಂದಾಗ ಮೊದಲು ಕಣ್ಣು ಬೀಳುವುದು ಹಿತ್ತಾಳೆಯ ದೀಪದ ಸಮೆಯ ಮೇಲೆ, ಹಳೆಯ ಫೋಟೋದ ಮೇಲೆ. ಮಿನಿಮಲ್ ಹಾಲ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ವಸ್ತು ಗೋಡೆಯನ್ನಾಳುವ ಕಪ್ಪು ಟಿ.ವಿ., ಅದನ್ನು ಯಾರೂ ಎಣಿಕೆಗೆ ಹಿಡಿಯುವುದಿಲ್ಲ.

ಮಗಳ ಪಕ್ಷದ ಬಲವಾದ ಮಾತನ್ನು ಈಗ ಹೇಳಬೇಕು. ಧೂಳು. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ಪೂರ್ವಕ್ಕೆ ಎರೆಮಣ್ಣು. ಬೇಸಿಗೆಯಲ್ಲಿ ಒಂದು ದಿನ ಕಿಟಕಿ ತೆರೆದಿಟ್ಟರೆ ಸಾಕು, ಹಲಗೆಯ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಮಳೆಗಾಲದಲ್ಲಿ ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಿಸಿಲು ಕಾಣದೆ ಗೋಡೆಗೊರಗಿದ ಚೌಕಟ್ಟುಗಳ ಹಿಂದೆ ಬೂಷ್ಟು ಕಟ್ಟುತ್ತದೆ, ಪುಸ್ತಕಗಳ ಹೊಲಿಗೆಯಲ್ಲಿ ಸಿಲ್ವರ್ ಫಿಶ್ ಹುಳ ಸೇರುತ್ತದೆ. ಹಿತ್ತಾಳೆ ಹುಣಸೆಹಣ್ಣು ಬೇಡುತ್ತದೆ, ತಾಮ್ರವೂ ಬೇಡುತ್ತದೆ. ಈ ಕೆಲಸವನ್ನೆಲ್ಲ ಮಾಡುವವರು ಯಾರು? ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಸಂಗ್ರಹದ ಹೆಮ್ಮೆ ಗಂಡಸಿನದು, ಒರೆಸುವ ಕೆಲಸ ಹೆಂಗಸಿನದು. ನನ್ನ ಅತ್ತೆಯವರು ಪ್ರತಿ ದೀಪಾವಳಿಗೂ ನಾಗಂದಿಗೆಯಿಂದ ಪಾತ್ರೆಗಳನ್ನೆಲ್ಲ ಇಳಿಸಿ, ಬೆಳಗಿ, ಒಣಗಿಸಿ, ಏಣಿ ಹತ್ತಿ ಮತ್ತೆ ಇಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರ ಬೆರಳ ತುದಿಗಳು ಹುಣಸೆಹುಳಿಗೆ ಬಿಳಿಚಿಕೊಂಡು ಬಿರಿದಿರುತ್ತಿದ್ದವು. ತನಗೆ ಖಾಲಿ ಗೋಡೆ ಬೇಕು ಎಂದು ನೌಕರಿ ಮಾಡುವ ಹೆಣ್ಣುಮಗಳು ಹೇಳಿದಾಗ ಅದರ ಹಿಂದೆ ಫ್ಯಾಷನ್ನಿಗಿಂತ ಹೆಚ್ಚಾಗಿ ಈ ಬೆರಳುಗಳ ನೆನಪಿರುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ಈಗ ಒಂದು ನಿಯಮವಿದೆ. ಯಾರು ಒಂದು ವಸ್ತುವನ್ನು ಹಾಲ್‌ನಲ್ಲಿಡಬೇಕೆಂದು ಬಯಸುತ್ತಾರೋ ಅದನ್ನು ಒರೆಸುವವರು ಅವರೇ. ಪತಿಯ ಸನ್ಮಾನ ಫಲಕಗಳು ಈ ನಿಯಮ ಬಂದ ಮೇಲೆ ಒಂದು ಕಪಾಟಿನಷ್ಟಿದ್ದದ್ದು ಒಂದು ಸಾಲಿಗೆ ಇಳಿದವು.

ಆ ಫಲಕಗಳ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ಧಾರವಾಡದಂಥ ಊರಿನಲ್ಲಿ ಅವು ಮನೆ ತುಂಬುವ ಬಗೆಯೇ ಬೇರೆ. ಇಲ್ಲಿ ಸಂಜೆಗೊಂದು ಸಮಾರಂಭ, ಸಮಾರಂಭಕ್ಕೊಂದು ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿಟ್ಟ ವಿಗ್ರಹ, ಹಿತ್ತಾಳೆ ಬಣ್ಣದ ತಗಡಿನ ಮೇಲೆ ಹೆಸರು ಕೊರೆದ ಫಲಕ. ಹಾವೇರಿಯ ಏಲಕ್ಕಿ ಹಾರವೂ ಕೆಲವು ಸಲ ಬರುತ್ತದೆ. ಅದು ನಿಜವಾಗಿಯೂ ಕೈಚಳಕದ ಕೆಲಸ. ಹಸಿರು ಏಲಕ್ಕಿಕಾಯಿಗಳನ್ನು ಒಂದೊಂದಾಗಿ ಪೋಣಿಸಿ, ನಡುನಡುವೆ ರೇಷ್ಮೆ ದಾರ, ಮಣಿ, ಜರಿ ಸೇರಿಸಿ ಎಳೆ ಎಳೆಯಾಗಿ ಕಟ್ಟಿದ್ದು. ಪ್ರಧಾನಿ, ಮುಖ್ಯಮಂತ್ರಿಗಳ ಕೊರಳಿಗೂ ಬಿದ್ದ ಹಾರ ಅದು. ಬಂದ ದಿನ ಇಡೀ ಮನೆ ಘಮಘಮಿಸುತ್ತದೆ. ಆಮೇಲೆ ಅದನ್ನು ಹಿರಿಯರ ಫೋಟೋಕ್ಕೆ ಹಾಕುತ್ತಾರೆ, ವರ್ಷಗಳು ಉರುಳಿದರೂ ತೆಗೆಯುವುದಿಲ್ಲ. ವಾಸನೆ ಹೋಗಿ, ಬಣ್ಣ ಹೋಗಿ, ಕಾಯಿ ಒಡೆದು ಬೀಜ ಉದುರುತ್ತಿರುತ್ತದೆ. ಆ ಹಾರವನ್ನು ಕಟ್ಟಿದವರ ಬಗ್ಗೆ ನಮಗೆ ಗೌರವವಿದ್ದರೆ ಅದು ಚೆನ್ನಾಗಿರುವಾಗಲೇ ಇಳಿಸಿ, ಕಾಯಿ ಬಿಡಿಸಿ ಅಡುಗೆಗೆ ಹಾಕಬೇಕು. ಶಾಲುಗಳನ್ನು ಚಳಿಗಾಲಕ್ಕೆ ಬೇಕಾದವರಿಗೆ ಕೊಡಬೇಕು. ಫಲಕಗಳಲ್ಲಿ ನಿಜಕ್ಕೂ ಮನಸ್ಸಿಗೆ ಹತ್ತಿರವಾದ ಒಂದೆರಡನ್ನು ಇಟ್ಟು ಉಳಿದವನ್ನು ಬಿಡಬೇಕು. ಸಂಗ್ರಹದ ಪರವಾಗಿ ಮಾತಾಡುವ ನಾನು ಈ ವಿಷಯದಲ್ಲಿ ಮಗಳಿಗಿಂತಲೂ ಕಟ್ಟುನಿಟ್ಟು. ಹಾಗೆಯೇ ಹಳೆಯದರಂತೆ ಕಾಣಲೆಂದೇ ಕಾರ್ಖಾನೆಯಲ್ಲಿ ಮಾಡಿ ಆನ್‌ಲೈನಿನಲ್ಲಿ ಮಾರುವ ಸಾಮಾನುಗಳಿಗೂ ನಮ್ಮ ಹಾಲ್‌ನಲ್ಲಿ ಜಾಗವಿಲ್ಲ.

ಬಿಡುವುದನ್ನು ಕಲಿಸುವ ಪದ್ಧತಿ ನಮ್ಮಲ್ಲೇ ಇದೆ, ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣಿನ ಎತ್ತುಗಳು ಮನೆಗೆ ಬರುತ್ತವೆ. ಕುಂಬಾರರು ಹಸಿ ಎರೆಮಣ್ಣಿನಲ್ಲಿ ಮಾಡಿದ ಜೋಡೆತ್ತು, ಜೊತೆಗೊಂದು ಗ್ವಾದಲಿ, ಅಂದರೆ ಮೇವು ಹಾಕುವ ತೊಟ್ಟಿ. ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ದಾರ, ಪೂಜೆ, ಕಡುಬು. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ ಬರುತ್ತಾಳೆ. ಶ್ರಾವಣದ ಪಂಚಮಿಗೆ ಮಣ್ಣಿನ ನಾಗಪ್ಪ, ಭಾದ್ರಪದಕ್ಕೆ ಗಣಪತಿ, ಅದರ ಬೆನ್ನಿಗೇ ಬುಟ್ಟಿಯಲ್ಲಿ ಕೂತು ಬಾಗಿಲಿಗೆ ಬರುವ ಜೋಕುಮಾರ, ಗೌರಿ ಹುಣ್ಣಿಮೆಗೆ ಸಕ್ಕರೆಯ ಆರತಿ ಗೊಂಬೆಗಳು. ಪಡಸಾಲೆಯ ಅದೇ ಒಂದು ಜಾಗದಲ್ಲಿ ಇವರೆಲ್ಲ ಸರದಿಯ ಮೇಲೆ ಬಂದು ಕೂಡುತ್ತಾರೆ, ಹೋಗುತ್ತಾರೆ. ಮಣ್ಣಿನದು ನೀರಿಗೆ ಅಥವಾ ಗಿಡದ ಬುಡಕ್ಕೆ, ಸಕ್ಕರೆಯದು ಮಕ್ಕಳ ಬಾಯಿಗೆ. ಇಂದಿನ ಎತ್ತು ಚೆಂದ ಇದೆಯೆಂದು ಯಾರೂ ಅದನ್ನು ಷೋಕೇಸಿನಲ್ಲಿ ಬೀಗ ಹಾಕಿ ಇಡುವುದಿಲ್ಲ, ಏಕೆಂದರೆ ಬರುವ ವರ್ಷ ಕುಂಬಾರರ ಮನೆಗೆ ಮತ್ತೆ ಹೋಗಬೇಕು. ಜಾಗ ತೆರವಾಗುವುದರಿಂದಲೇ ಮುಂದಿನದಕ್ಕೆ ಕಾಯುವ ಕಣ್ಣು ಉಳಿದಿರುತ್ತದೆ.

ಇದೇ ಕ್ರಮವನ್ನು ಕೂಡಿಟ್ಟ ವಸ್ತುಗಳಿಗೂ ಅನ್ವಯಿಸಿದ್ದೇವೆ. ಗೋಡೆಯ ಮೇಲೆ, ಹಲಗೆಯ ಮೇಲೆ ಒಂದು ಸಲಕ್ಕೆ ಕಾಣುವುದು ಕೆಲವೇ. ಉಳಿದದ್ದು ದಿವಾನದ ಕೆಳಗಿನ ಟ್ರಂಕಿನಲ್ಲಿ, ತೆಳು ಮಲ್ ಬಟ್ಟೆಯಲ್ಲಿ ಸುತ್ತಿ, ಒಣಗಿಸಿದ ಬೇವಿನೆಲೆಯ ಗಂಟುಗಳ ನಡುವೆ. ರೇಷ್ಮೆಯನ್ನು ಪ್ರತಿ ಸಲ ಬೇರೆ ಗೆರೆಯಲ್ಲಿ ಮಡಿಸಿ ಇಡುತ್ತೇನೆ, ಅದೇ ಮಡಿಕೆಯಲ್ಲಿ ವರ್ಷಗಟ್ಟಲೆ ಕೂತರೆ ಎಳೆಗಳು ಅಲ್ಲಿಯೇ ಕತ್ತರಿಸುತ್ತವೆ. ಮಳೆಗಾಲ ಮುಗಿದು ಬಿಸಿಲು ಬಂದಾಗ ಟ್ರಂಕು ತೆರೆಯುತ್ತೇವೆ, ಗೋಡೆಯದನ್ನು ಇಳಿಸುತ್ತೇವೆ, ಬೇರೆಯದನ್ನು ಏರಿಸುತ್ತೇವೆ. ಕಸೂತಿಗೆ ಇದು ಕಣ್ಣಿನ ಸಲುವಾಗಿ ಮಾತ್ರವಲ್ಲ, ಆಯುಷ್ಯದ ಸಲುವಾಗಿಯೂ ಬೇಕು. ಬೆಳಕು ರೇಷ್ಮೆಯ ಬಣ್ಣವನ್ನು ತಿನ್ನುತ್ತದೆ, ಒಮ್ಮೆ ತಿಂದದ್ದನ್ನು ಯಾವ ಉಪಚಾರವೂ ಮರಳಿಸಲಾರದು. ಚೌಕಟ್ಟಿನಲ್ಲಿ ಗಾಜು ಬಟ್ಟೆಗೆ ತಾಗದಂತೆ ಸುತ್ತಲೂ ಸಣ್ಣ ಪಟ್ಟಿ ಕೊಡಿಸುವುದು, ಪಶ್ಚಿಮದ ಬಿಸಿಲು ನೇರ ಬೀಳುವ ಗೋಡೆಯನ್ನು ಬಿಡುವುದು, ಹೊರಗಿನಿಂದ ಮಳೆ ಹೊಡೆಯುವ ಗೋಡೆಗೆ ಬಟ್ಟೆ ಕಾಗದಗಳನ್ನು ತೂಗುಹಾಕದಿರುವುದು, ಇಷ್ಟು ಮಾಡಿದರೆ ಸಾಕಷ್ಟು ಉಳಿಯುತ್ತದೆ.

ಕೂಡಿಡುವುದು ಮತ್ತು ಬಿಡುವುದು ಒಂದೇ ಬದುಕಿನಲ್ಲಿ ಸೇರಿ ಇರಬಲ್ಲವೆಂಬುದಕ್ಕೆ ನಮ್ಮ ಹತ್ತಿರದಲ್ಲೇ ದೊಡ್ಡ ಸಾಕ್ಷಿ ಇದೆ. ಗದಗಿನ ಪಕ್ಕದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಶಾಸನ 1007ರದು. ಪೊನ್ನನ ಕಾವ್ಯವೊಂದರ ಸಾವಿರ ಓಲೆಯ ಪ್ರತಿಗಳನ್ನು ಬರೆಯಿಸಿ ಹಂಚಿದವಳು, ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿ ಕೊಟ್ಟವಳು ಎಂದು ಕನ್ನಡ ಸಾಹಿತ್ಯ ಅವಳನ್ನು ನೆನೆಯುತ್ತದೆ. ಪುಸ್ತಕ ಮತ್ತು ಪ್ರತಿಮೆಗಳ ಬಗ್ಗೆ ಅಷ್ಟು ಪ್ರೀತಿಯಿದ್ದವಳು ಅವನ್ನು ತನ್ನ ಮನೆಯಲ್ಲಿ ಪೇರಿಸಲಿಲ್ಲ, ಬೇರೆ ಬೇರೆ ಕೈಗಳಿಗೆ ದಾಟಿಸಿದಳು. ಅವಳ ಧರ್ಮದಲ್ಲಿ ಅಪರಿಗ್ರಹ ದೊಡ್ಡ ವ್ರತ. ಮುನಿಗಳಿಗೆ ಅದು ಪೂರ್ಣ ತ್ಯಾಗ, ಗೃಹಸ್ಥರಿಗಾದರೋ ಪರಿಗ್ರಹ ಪರಿಮಾಣ, ಅಂದರೆ ಇಷ್ಟಕ್ಕಿಂತ ಹೆಚ್ಚು ನನಗೆ ಬೇಡ ಎಂದು ತಾವೇ ಹಾಕಿಕೊಳ್ಳುವ ಮಿತಿ. ಸಂಸಾರದಲ್ಲಿರುವವರ ಮನೆಯನ್ನು ಸನ್ಯಾಸಿಯ ಕೋಣೆಯಂತೆ ಮಾಡಲು ಆ ವ್ರತ ಹೇಳುವುದಿಲ್ಲ. ನಮಗೆ ಆ ಮಿತಿ ಎಂದರೆ ಒಂದು ಟ್ರಂಕು. ಎರಡನೆಯ ಟ್ರಂಕು ಬೇಕಾಗುವ ಹೊತ್ತಿಗೆ ಯಾವುದೋ ಒಂದು ವಸ್ತು ಯಾರದೋ ಮನೆಗೆ ಹೋಗಬೇಕು. ಹೋಗುವುದಕ್ಕೆ ಮೊದಲು ಒಂದು ಮಳೆಗಾಲ, ಒಂದು ಬೇಸಿಗೆ ಅದು ಕಾಯುತ್ತದೆ. ಆ ಅವಧಿಯಲ್ಲಿ ಯಾರೂ ಅದನ್ನು ಕೇಳದಿದ್ದರೆ, ನೆನೆಯದಿದ್ದರೆ, ಬಿಡುತ್ತೇವೆ.

ಹುಬ್ಬಳ್ಳಿಯ ಫ್ಲ್ಯಾಟಿಗೆ ಮಗಳು ಇಲ್ಲಿಂದ ಕೇಳಿ ಒಯ್ದದ್ದು ನವಲಗುಂದದ ಜಮಖಾನೆಯನ್ನು. ಹತ್ತಿಯ ನೂಲಿನದು, ನಡುವೆ ಪಗಡೆಯ ಹಾಸಿನ ಚಿತ್ರ, ಸುತ್ತ ಕೆಂಪು, ಹಳದಿ, ಕಪ್ಪಿನ ಪಟ್ಟೆಗಳು. ನವಲಗುಂದದಲ್ಲಿ ಮನೆಯೊಳಗಿನ ನಿಲುವು ಮಗ್ಗಗಳಲ್ಲಿ ಹೆಣ್ಣುಮಕ್ಕಳೇ ನೇಯುವ ಈ ಜಮಖಾನೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಆದರೆ ನೇಯುವ ಕೈಗಳು ಈಗ ಬೆರಳೆಣಿಕೆಯಷ್ಟು. ಜಮಖಾನೆ ಹೋದ ಮೇಲೆ ಅವಳು ಬೂದು ಸೋಫಾದ ಆರ್ಡರನ್ನು ರದ್ದು ಮಾಡಿದಳು. ಗೆಳತಿಯರು ಬಂದಾಗ ಎಂಟು ಜನ ನೆಲದ ಮೇಲೆ ಆರಾಮಾಗಿ ಕೂಡುತ್ತಾರಂತೆ, ಸೋಫಾ ಇದ್ದರೆ ಮೂವರಿಗೆ ಮಾತ್ರ ಜಾಗ. ಕಸೂತಿಯ ಸೆರಗನ್ನು ಮಾತ್ರ ಅವಳು ಇನ್ನೂ ಕೇಳಿಲ್ಲ. ಆದರೆ ಈಗಲೇ ಒಂದು ಷರತ್ತು ಹಾಕಿದ್ದಾಳೆ: ಟ್ರಂಕಿನಿಂದ ಬರುವ ಪ್ರತಿ ವಸ್ತುವಿನ ಜೊತೆ ಒಂದು ಚೀಟಿ ಇರಬೇಕು, ಅದು ಯಾರದು, ಯಾವ ಊರಿನದು, ಏತಕ್ಕೆ ಬಳಸುತ್ತಿದ್ದರು, ಯಾರ ಕೈಯಿಂದ ನಮಗೆ ಬಂತು ಎಂದು ಅದರಲ್ಲಿ ಬರೆದಿರಬೇಕು. ಚೀಟಿಯಿಲ್ಲದ್ದನ್ನು ತಾನು ಮನೆಗೆ ಸೇರಿಸುವುದಿಲ್ಲವೆಂದು ಹೇಳಿದ್ದಾಳೆ.

ಷರತ್ತು ನನಗೆ ಒಪ್ಪಿಗೆಯಾಗಿದೆ. ಸಂಜೆಯ ಹೊತ್ತು ಒಂದೊಂದು ವಸ್ತುವನ್ನು ಹೊರಗೆ ತೆಗೆದು, ಕೈಕಾಗದದ ತುಂಡಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು, ದಾರದಿಂದ ಕಟ್ಟುತ್ತಿದ್ದೇನೆ. ಪೆನ್ನಿನ ಮಸಿ ಹಸಿ ಹವೆಯಲ್ಲಿ ಬಟ್ಟೆಗೆ ಹತ್ತುತ್ತದೆ. ಹಿತ್ತಾಳೆಯ ಗಿಂಡಿಗೆ, ಅಡಕೊತ್ತಿಗೆ, ತೊಟ್ಟಿಲಿಗೆ ಕಟ್ಟುತ್ತಿದ್ದ ಗಿಳಿಗೆ, ಕಾಗದಪತ್ರದ ಚೀಲಕ್ಕೆ ಚೀಟಿ ಆಗಿದೆ. ಕಸೂತಿಗೆ ಅರ್ಧ ಆಗಿದೆ. ಸೀರೆ ಅಜ್ಜಿಯ ಮದುವೆಯದೋ ಅವಳ ತಾಯಿಯಿಂದ ಬಂದದ್ದೋ ಎಂಬುದು ಗದಗ-ಬೆಟಗೇರಿಯಲ್ಲಿರುವ ನನ್ನ ದೊಡ್ಡಮ್ಮನಿಗೆ ಗೊತ್ತಿರಬೇಕು. ಅವರಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ, ಆದ್ದರಿಂದ ಬರುವ ವಾರ ಸೆರಗನ್ನು ಚೌಕಟ್ಟಿನ ಸಮೇತ ಅವರಲ್ಲಿಗೇ ಒಯ್ಯಬೇಕೆಂದಿದ್ದೇನೆ.